ಮಂದೆ ಕಾಯುವವರ ಬೆಳಕು

ಡಿಸೆಂಬರ್ ಕಾಲಿಟ್ಟಿತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರ ಏರುತ್ತದೆ. ಬಣ್ಣದ ಕಾಗದದ್ದೋ ಪ್ಲಾಸ್ಟಿಕ್ಕಿನದೋ ಐದು ಮೂಲೆಯ ಗೂಡು, ಒಳಗೊಂದು ಬಲ್ಬು, ಕಿಟಕಿಯಿಂದ ಎಳೆದ ವೈರು. ಹಬ್ಬಕ್ಕೆ ಇನ್ನೂ ವಾರಗಳಿರುವಾಗಲೇ ಅದು ಹೊತ್ತಿಕೊಳ್ಳುತ್ತದೆ. ಈ ಸೀಮೆಯಲ್ಲಿ ಕ್ರೈಸ್ತರ ಮನೆಗಳು ಕಡಿಮೆ. ಒಂದು ಬೀದಿಗೆ ಒಂದು ನಕ್ಷತ್ರ ಕಂಡರೆ ಹೆಚ್ಚು. ಬೆಂಗಳೂರಿನ ಪೇಟೆಬೀದಿಯ ದೀಪಗಳ ನಡುವೆ ಅಂಥದೊಂದು ನಕ್ಷತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಹಾಗಲ್ಲ. ಹಾಲು ಹಾಕಲು ಬಂದವರು, ಸಂಜೆ ಕುರಿ ಹೊಡೆದುಕೊಂಡು ಹಟ್ಟಿಗೆ ಹೊರಟವರು, ಟ್ಯೂಷನ್ ಮುಗಿಸಿ ಬರುವ ಮಕ್ಕಳು, ಎಲ್ಲರೂ ಒಮ್ಮೆ ತಲೆಯೆತ್ತಿ ನೋಡುತ್ತಾರೆ. “ಏನಕ್ಕಾ, ಚುಕ್ಕಿ ಕಟ್ಟಿಬಿಟ್ರಾ? ಹಬ್ಬ ಹತ್ರ ಬಂತಾ?” ಎಂದು ಎದುರು ಮನೆಯವರು ಕೇಳುತ್ತಾರೆ. “ಬಂತು ಕಣಮ್ಮ, ಇಪ್ಪತ್ತೈದಕ್ಕೆ ಮಕ್ಕಳ್ನ ಕಳ್ಸು” ಎಂಬ ಉತ್ತರ ಬರುತ್ತದೆ.

ಕ್ರೈಸ್ತ ಶ್ರದ್ಧೆಯ ಗುರುತುಗಳಲ್ಲಿ ಶಿಲುಬೆಯದೇ ಮೊದಲ ಸ್ಥಾನ. ಆದರೆ ಕ್ರಿಸ್‌ಮಸ್ಸಿನ ಮಟ್ಟಿಗೆ ಆ ಸ್ಥಾನ ಬೆಳಕಿನದು. ಅದು ಒಂದೇ ಕಡೆಯಿಂದ ಬಂದದ್ದಲ್ಲ. ಯೇಸುವಿಗಿಂತ ಏಳು ಶತಮಾನ ಹಿಂದಿನ ಪ್ರವಾದಿ ಯೆಶಾಯ ಕತ್ತಲಲ್ಲಿ ನಡೆಯುತ್ತಿದ್ದ ಜನಕ್ಕೆ ದೊಡ್ಡ ಬೆಳಕು ಕಾಣಿಸಿತೆಂದು ಹಾಡಿದ. ಆ ಭಾಗವನ್ನೇ ಚರ್ಚುಗಳಲ್ಲಿ ಈ ಹಬ್ಬಕ್ಕೆ ಓದುತ್ತಾರೆ. ನಾಲ್ಕು ಸುವಾರ್ತೆಗಳ ಪೈಕಿ ನಕ್ಷತ್ರದ ಮಾತು ಮತ್ತಾಯನಲ್ಲಿ ಮಾತ್ರ ಇದೆ. ಕುರುಬರ ಮಾತು ಲೂಕನಲ್ಲಿ ಮಾತ್ರ ಇದೆ. ಮಾರ್ಕ ಜನನದ ಗೊಡವೆಗೇ ಹೋಗಲಿಲ್ಲ. ಯೋಹಾನ ಹಟ್ಟಿ, ಗೋದಲಿ, ತಾಯಿ, ಮಗು ಯಾವುದನ್ನೂ ಹೇಳದೆ ನೇರವಾಗಿ ಬೆಳಕಿನ ಮಾತಿಗೇ ಬಂದ: ಕತ್ತಲು ಮುಸುಕಲು ನೋಡಿದರೂ ಮುಸುಕಲಾಗದ ಬೆಳಕೊಂದು ಲೋಕಕ್ಕೆ ಬಂತು ಎನ್ನುವುದು ಅವನ ಇಡೀ ಕ್ರಿಸ್‌ಮಸ್ ಕಥೆ. ಮನೆ ಮುಂದಿನ ಕಾಗದದ ನಕ್ಷತ್ರ ಮತ್ತಾಯನದು. ಅದರೊಳಗೆ ಉರಿಯುವುದು ಯೋಹಾನನದು. ಈ ನಾಲ್ಕು ತಾಲ್ಲೂಕುಗಳಿಗೆ ಹೆಚ್ಚು ಹತ್ತಿರವಾದವನು ಮಾತ್ರ ಲೂಕನೇ.

ಏಕೆಂದರೆ ಇದು ಕುರಿಯ ನಾಡು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದೂ ಬಿದ್ದರೆ ಬಿತ್ತು ಎನ್ನುವಂಥ ಸೀಮೆಯಲ್ಲಿ ಶೇಂಗಾ, ರಾಗಿ ಕೈಕೊಟ್ಟ ವರ್ಷವೂ ಕುರಿ ಮನೆಯನ್ನು ಹಿಡಿದು ನಿಲ್ಲಿಸುತ್ತದೆ. ಕುರುಬರು, ಗೊಲ್ಲರು ತಲೆಮಾರುಗಳಿಂದ ಮಂದೆಯ ಹಿಂದೆ ನಡೆದಿದ್ದಾರೆ. ಶಿರಾ, ಪಾವಗಡದ ಬಯಲಿನ ಕಾಡುಗೊಲ್ಲರ ಹಟ್ಟಿಗಳ ಸುತ್ತ ಮುಳ್ಳಿನ ಬೇಲಿಯಿರುತ್ತದೆ. ಅವರ ವೀರ ಜುಂಜಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುವವರು ಈಗಲೂ ಇದ್ದಾರೆ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ರಾತ್ರಿ ಮಂದೆ ನಿಲ್ಲಿಸುವುದು ಇಲ್ಲಿನ ಹಳೆಯ ಪದ್ಧತಿ. ಹೊಲದವರು ಕಾಳನ್ನೋ ಹಣವನ್ನೋ ಕೊಡುತ್ತಾರೆ, ಕುರಿಯವರು ಕಂಬಳಿ ಹೊದ್ದು ಬಯಲಲ್ಲೇ ಮಲಗುತ್ತಾರೆ. ಮಲಗುವುದೆಂದರೆ ನಿದ್ದೆ ಮಾಡುವುದಲ್ಲ. ತೋಳ ಬಂದೀತು, ಬೆಟ್ಟದ ಕಡೆಯಾದರೆ ಚಿರತೆ ಇಳಿದೀತು, ನಾಯಿ ಬೊಗಳಿದ ಕಡೆಗೆಲ್ಲ ಬ್ಯಾಟರಿ ಬಿಡಬೇಕು. ಒಬ್ಬರು ಕಣ್ಣು ಮುಚ್ಚಿದರೆ ಇನ್ನೊಬ್ಬರು ಕೂತಿರಬೇಕು.

ಲೂಕ ಬರೆದದ್ದು ಇದೇ ರಾತ್ರಿಯನ್ನು. ಬೆತ್ಲೆಹೇಮಿನ ಹೊರಬಯಲಲ್ಲಿ ಕುರುಬರು ಸರದಿಯ ಮೇಲೆ ಮಂದೆ ಕಾಯುತ್ತಿದ್ದರು, ದೇವರ ಮಹಿಮೆಯ ಪ್ರಭೆ ಅವರ ಸುತ್ತ ಹೊಳೆಯಿತು, ಅವರು ಹೆದರಿದರು. ಅರಮನೆಗೆ ಹೋಗಬೇಕಾಗಿದ್ದ ಸುದ್ದಿ ಮೊದಲು ಮಂದೆಗೆ ಬಂತು. ಮಗು ಮಲಗಿದ್ದ ಜಾಗದಲ್ಲಿ ದೀಪವಿತ್ತೆಂದು ಲೂಕ ಎಲ್ಲೂ ಹೇಳುವುದಿಲ್ಲ. ಪಶುಗಳ ಮೇವಿನ ಗೋದಲಿ, ಬಟ್ಟೆಯಲ್ಲಿ ಸುತ್ತಿದ ಕೂಸು, ಇಷ್ಟೇ ಗುರುತು. ಬೆಳಕೆಲ್ಲ ಬಯಲಲ್ಲಿ, ಎಚ್ಚರವಾಗಿದ್ದವರ ಮೇಲೆ ಬಿದ್ದಿತ್ತು. ಚಳಿಗಾಲದ ರಾತ್ರಿ ಹೊಲದಲ್ಲಿ ಕುರಿ ಕಾಯ್ದ ಅನುಭವ ಇರುವವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಯೂರೋಪಿನ ದೊಡ್ಡ ಚಿತ್ರಕಾರರು ಬಿಡಿಸಿದ ಕುರುಬರಿಗಿಂತ ಪಾವಗಡದ ದಾರಿಯಲ್ಲಿ ಸಿಕ್ಕುವ ಕಂಬಳಿಯವರು ಲೂಕನ ಕುರುಬರಿಗೆ ಹೆಚ್ಚು ಹತ್ತಿರದವರು.

ಮಂದೆಯವರಿಗೆ ಗಡಿಯಾರವೂ ಆಕಾಶವೇ ಆಗಿತ್ತು. ಬೆಳ್ಳಿ ಮೂಡುವ ಹೊತ್ತಿಗೆ ಏಳಬೇಕು, ಬೆಳ್ಳಿ ಮೂಡುವ ಹೊತ್ತಿಗೆ ಗಾಡಿ ಕಟ್ಟಬೇಕು ಎನ್ನುವ ಮಾತು ಬಯಲುಸೀಮೆಯ ಹಾಡು, ಕಥೆಗಳಲ್ಲೆಲ್ಲ ಬರುತ್ತದೆ. ಬೆಳಗಿನ ಬೆಳ್ಳಿ ಕಂಡರೆ ರಾತ್ರಿ ಕಳೆಯಿತೆಂದು ಲೆಕ್ಕ. ಇನ್ನೂ ಕತ್ತಲಿದ್ದರೂ ಕತ್ತಲಿನ ಕಾಲ ಮುಗಿದಿದೆ. ಬೈಬಲಿನ ಕೊನೆಯ ಗ್ರಂಥವಾದ ಪ್ರಕಟಣೆಯಲ್ಲಿ ಯೇಸು ತನ್ನನ್ನು ಈ ಉದಯದ ಚುಕ್ಕಿಗೇ ಹೋಲಿಸಿಕೊಳ್ಳುತ್ತಾನೆ. ಮೂಡಣ ದೇಶದ ಜ್ಞಾನಿಗಳನ್ನು ನಡೆಸಿದ ನಕ್ಷತ್ರ ಯಾವುದೆಂದು ವಿದ್ವಾಂಸರು ಬಹಳ ಹುಡುಕಿದ್ದಾರೆ. ಖಗೋಳಶಾಸ್ತ್ರಿ ಕೆಪ್ಲರ್ 17ನೆಯ ಶತಮಾನದಲ್ಲಿ ಗುರು, ಶನಿ ಗ್ರಹಗಳು ಕ್ರಿ.ಪೂ. 7ರಲ್ಲಿ ಹತ್ತಿರ ಬಂದುದನ್ನು ಲೆಕ್ಕಹಾಕಿ ಆ ಕಥೆಯ ಕಾಲವನ್ನು ಗೊತ್ತುಮಾಡಲು ನೋಡಿದ. ನಂಬಿದವರಿಗೆ ಆ ಲೆಕ್ಕ ಅಷ್ಟು ಮುಖ್ಯವಾಗಲಿಲ್ಲ. ನಕ್ಷತ್ರವನ್ನು ಕಂಡವರು ಮನೆ ಬಿಟ್ಟು ಹೊರಟರು ಎಂಬುದೇ ಅವರಿಗೆ ದೊಡ್ಡದು.

ಹಬ್ಬದ ದಿನ ಡಿಸೆಂಬರ್ 25 ಎಂದು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ರೋಮಿನಲ್ಲಿ ನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ, 336ರ ಹೊತ್ತಿಗೆ, ಆ ದಿನ ಆಚರಣೆಯಲ್ಲಿತ್ತೆಂದು ಹಳೆಯ ಪಂಚಾಂಗವೊಂದರಿಂದ ತಿಳಿಯುತ್ತದೆ. ರೋಮನ್ನರ ಲೆಕ್ಕದಲ್ಲಿ ಅದು ವರ್ಷದ ಅತಿ ದೀರ್ಘ ರಾತ್ರಿ ಕಳೆದು ಹಗಲು ಹಿಗ್ಗತೊಡಗುವ ದಿನ. ಪ್ರವಾದಿ ಮಲಾಕಿಯ ಹೇಳಿದ ನೀತಿಯ ಸೂರ್ಯ ಮೂಡಲು ಅದಕ್ಕಿಂತ ಒಳ್ಳೆಯ ದಿನ ಆ ಕಾಲದ ಕ್ರೈಸ್ತರಿಗೆ ಬೇರೆ ಕಾಣಲಿಲ್ಲ. ಮುಂದೆ ಈ ಹಬ್ಬ ಉತ್ತರ ಯೂರೋಪಿಗೆ ಹೋದ ಮೇಲೆ ಬೆಳಕಿನ ಮಾತಿಗೆ ಇನ್ನೊಂದು ತೂಕ ಬಂತು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಡಿಸೆಂಬರ್ ಕೊನೆಗೆ ಹಗಲು ಏಳೂವರೆ ಗಂಟೆಯಷ್ಟೇ. ಮಧ್ಯಾಹ್ನ ನಾಲ್ಕಕ್ಕೆ ಕತ್ತಲು. ಅಂಥಲ್ಲಿ ಒಂದು ಮೇಣದಬತ್ತಿ ಹಚ್ಚುವುದೆಂದರೆ ಒಂದು ಬಗೆಯ ಧೈರ್ಯ.

ಆ ಹ್ಯಾಂಬರ್ಗಿನಲ್ಲೇ 1839ರಲ್ಲಿ ಯೋಹಾನ್ ಹಿನ್ರಿಕ್ ವಿಕರ್ನ್ ಎಂಬ ಪಾದ್ರಿ ಬಡಮಕ್ಕಳ ಆಶ್ರಮವೊಂದನ್ನು ನಡೆಸುತ್ತಿದ್ದ. ಹಬ್ಬ ಯಾವಾಗ, ಇನ್ನೆಷ್ಟು ದಿನ ಎಂದು ಮಕ್ಕಳು ಕೇಳಿ ಕೇಳಿ ಸಾಕುಮಾಡುತ್ತಿದ್ದವು. ಆತ ಗಾಡಿಯ ಹಳೆಯ ಚಕ್ರವೊಂದನ್ನು ತೂಗುಹಾಕಿ, ಅದರ ಮೇಲೆ ದಿನಕ್ಕೊಂದರಂತೆ ಸಣ್ಣ ಬತ್ತಿಗಳನ್ನೂ ಭಾನುವಾರಕ್ಕೊಂದರಂತೆ ನಾಲ್ಕು ದಪ್ಪ ಬತ್ತಿಗಳನ್ನೂ ಇಟ್ಟ. ಅದೇ ಕಿರಿದಾಗಿ, ನಾಲ್ಕು ಬತ್ತಿಯ ಹಸಿರು ಬಳೆಯಾಗಿ, ಈಗ ಜಗತ್ತಿನ ಎಷ್ಟೋ ಚರ್ಚುಗಳಲ್ಲಿ ಹಬ್ಬಕ್ಕೆ ಮುಂಚಿನ ಆಗಮನ ಕಾಲದಲ್ಲಿ ಕಾಣಿಸುತ್ತದೆ. ಮೊದಲ ಭಾನುವಾರ ಒಂದು ಬತ್ತಿ, ಎರಡನೆಯದಕ್ಕೆ ಎರಡು. ಕಾಯುವುದನ್ನು ಕಣ್ಣಿಗೆ ಕಾಣುವಂತೆ ಮಾಡಿದ ಇಷ್ಟು ಸರಳ ಉಪಾಯ ಇನ್ನೊಂದಿಲ್ಲ. ಅದು ಹುಟ್ಟಿದ್ದು ಗತಿಯಿಲ್ಲದ ಮಕ್ಕಳ ಮನೆಯಲ್ಲಿ ಎಂಬುದನ್ನು ಮರೆಯಬಾರದು.

ಬಯಲುಸೀಮೆಯ ಆಕಾಶದಲ್ಲಿ ಈ ಲೆಕ್ಕವೇ ಬೇರೆ. ಮಧುಗಿರಿಯಲ್ಲಿ ಡಿಸೆಂಬರಿನ ಅತಿ ಗಿಡ್ಡ ಹಗಲೂ ಹನ್ನೊಂದು ಗಂಟೆ ಇಪ್ಪತ್ತು ನಿಮಿಷದಷ್ಟು ಇರುತ್ತದೆ. ಜೂನಿನ ಉದ್ದ ಹಗಲಿಗೂ ಇದಕ್ಕೂ ನಡುವೆ ಹೆಚ್ಚೆಂದರೆ ಒಂದು ಗಂಟೆ ನಲವತ್ತು ನಿಮಿಷದ ಅಂತರ. ಸೂರ್ಯ ಇಲ್ಲಿ ಯಾವ ತಿಂಗಳೂ ತಪ್ಪಿಸಿಕೊಳ್ಳುವುದಿಲ್ಲ. ಬಿಸಿಲಿನ ಮಟ್ಟಿಗೆ ಈ ಜನ ಯಾರಿಗೂ ಬಡವರಲ್ಲ. ಬಂಡೆ ಕಾಯುತ್ತದೆ, ಕೆರೆಯಂಗಳ ಸೀಳುತ್ತದೆ, ಮೋಡಕ್ಕಾಗಿ ಕಣ್ಣು ನೋಯುತ್ತದೆ. ಹಾಗಾಗಿ ಕ್ರಿಸ್‌ಮಸ್ಸಿನ ಬೆಳಕು ಇಲ್ಲಿಯವರಿಗೆ ಸೂರ್ಯನ ಮರಳಿಕೆಯಾಗಿ ಒದಗಲಾರದು. ಅದು ರಾತ್ರಿಯ ಬೆಳಕು, ಮನುಷ್ಯ ಹಚ್ಚಿ ಕಾಯುವ ಬೆಳಕು: ಮಂದೆಯದು, ಕಣದ್ದು, ದಾರಿಯದು. ಡಿಸೆಂಬರ್ ಎಂದರೆ ರಾಗಿ ಕೊಯ್ಲಾಗಿ ಮೆದೆ ಬೀಳುವ, ಕಣ ಸಾರಿಸುವ ಕಾಲ. ಅವರೆಕಾಯಿಯ ಸೊಗಡು ಗಾಳಿಯಲ್ಲಿರುವ ಕಾಲ. 16ರ ಸುಮಾರಿಗೆ ಧನುರ್ಮಾಸ ಹಿಡಿದು ದೇವಸ್ಥಾನಗಳಲ್ಲಿ ಬೆಳಗಿನ ಜಾವ ದೀಪ ಹೊತ್ತಿಸುತ್ತಾರೆ. ಕಾರ್ತಿಕದ ದೀಪಗಳು ಆಗಷ್ಟೇ ಮುಗಿದಿರುತ್ತವೆ. ದೀಪ ಹಚ್ಚುವ ಊರಿನಲ್ಲಿ ಇನ್ನೊಂದು ಮನೆಯವರೂ ದೀಪ ಹಚ್ಚಿದರೆ ಅದು ಯಾರಿಗೂ ಹೊಸದಲ್ಲ. ಕ್ರಿಸ್‌ಮಸ್ ಇಲ್ಲಿ ನೆಲೆಯಾದದ್ದು ಹೀಗೆ, ದೀಪದ ತಿಂಗಳುಗಳ ನಡುವೆ.

ಈ ಹಬ್ಬ ತುಮಕೂರು ಸೀಮೆಗೆ ಬಂದ ದಾರಿಯನ್ನೂ ಹೇಳಬೇಕು. ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು 1837ರಲ್ಲಿ ಗುಬ್ಬಿಯಲ್ಲಿ ನೆಲೆಮಾಡಿದರು. ಐರ್ಲೆಂಡಿನಲ್ಲಿ ಹುಟ್ಟಿದ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ತರುಣ 1839ರಲ್ಲಿ ಹಡಗು ಹತ್ತಿ ಅಲ್ಲಿಗೆ ಬಂದ. ಆರೋಗ್ಯ ಕೆಟ್ಟು ಎರಡೇ ವರ್ಷದಲ್ಲಿ ಹಿಂದಿರುಗಿದರೂ ಮೈಸೂರು ಸೀಮೆಯ ಬಗ್ಗೆ 1847ರಲ್ಲಿ ಒಂದು ಪುಸ್ತಕ ಬರೆದ. ವಾರದ ಸಂತೆಗಳು, ಎತ್ತಿನ ಗಾಡಿ, ಕನ್ನಡ ಕಲಿಯುವ ಪಾಡು, ಹಳ್ಳಿ ಶಾಲೆ, ಇವೇ ಆ ಮೊದಲ ತಲೆಮಾರಿನ ಮಿಷನರಿಗಳ ಲೋಕ. ಸಭೆಗೆ ಸೇರಿದವರ ಸಂಖ್ಯೆ ದೊಡ್ಡದಾಗಿರಲಿಲ್ಲ.

ಆಮೇಲೆ ಧಾತು, ಈಶ್ವರ ಸಂವತ್ಸರಗಳ ಬರ ಬಂತು. 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ, ಸುಮಾರು 10 ಲಕ್ಷ, ಇಲ್ಲವಾದರೆಂದು ಲೆಕ್ಕ. ತುಮಕೂರು, ಚಿತ್ರದುರ್ಗ, ಕೋಲಾರದ ಒಣಸೀಮೆಗೆ ಬಿದ್ದ ಪೆಟ್ಟು ದೊಡ್ಡದು. ಊರು ಊರೇ ದಾರಿಗೆ ಬಿದ್ದಿತ್ತು, ಮನೆಗಳಲ್ಲಿ ದೀಪ ಹಚ್ಚುವವರಿರಲಿಲ್ಲ. ದಿಕ್ಕಿಲ್ಲದ ಮಕ್ಕಳನ್ನು ಸಾಕಲು ತುಮಕೂರಿನಲ್ಲಿ ಮಿಷನ್ನಿನವರು ಅನಾಥಾಲಯ ನಡೆಸಿದರು. ಓದು, ಕಸುಬು ಕಲಿಸಿದರು. ಈ ಭಾಗದ ಹಳೆಯ ಕ್ರೈಸ್ತ ಮನೆತನಗಳಲ್ಲಿ ಕೆಲವಕ್ಕೆ ಆ ಬರ ಮೂಲಕಥೆ. ಕತ್ತಲಿನಿಂದ ಬೆಳಕಿಗೆ ಎನ್ನುವ ಮಾತನ್ನು ಅಂಥ ಮನೆಯಲ್ಲಿ ಯಾರಾದರೂ ಆಡಿದರೆ ಅದು ಉಪದೇಶದ ಮಾತಲ್ಲ, ಅಜ್ಜನ ಅಜ್ಜ ಬದುಕಿ ಉಳಿದ ಕಥೆ. ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯೊಳಗೆ ಸೇರಿದವು. ಜನ ಅದನ್ನು ಸಿ.ಎಸ್.ಐ. ಎನ್ನುತ್ತಾರೆ, ತುಮಕೂರಿನಲ್ಲಿ ಆ ಹೆಸರಿನ ಬಡಾವಣೆಯೇ ಇದೆ. ಕಥೋಲಿಕರು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದವರು.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಹೋಯಿತು. ಬಯಲುಸೀಮೆಯ ಹಳ್ಳಿಗಳಿಗೆ ಅದು ಬರಲು ಇನ್ನೂ ಎಷ್ಟೋ ದಶಕ ಬೇಕಾಯಿತು. ಅಲ್ಲಿಯವರೆಗೆ ಮನೆಯೊಳಗೆ ಹೊಂಗೆ ಎಣ್ಣೆಯ ಹಣತೆ, ಆಮೇಲೆ ಸೀಮೆಎಣ್ಣೆ ಬುಡ್ಡಿ. ಹೊರಗೆ ಓಡಾಡಲು ಲಾಟೀನು. ಕ್ರಿಸ್‌ಮಸ್ಸಿನ ಹಾಡು ಹೇಳುತ್ತ ಮನೆಮನೆಗೆ ಹೋಗುವ ತಂಡಕ್ಕೆ ಇವು ಯಾವುದೂ ಸಾಲುತ್ತಿರಲಿಲ್ಲ. ಮದುವೆ, ಬಯಲಾಟ, ಉತ್ಸವಗಳಿಗೆ ತರುವ ಪೆಟ್ರೋಮ್ಯಾಕ್ಸನ್ನೇ ಬಾಡಿಗೆಗೆ ತರುತ್ತಿದ್ದರು. ಜನ ಅದನ್ನು ಗ್ಯಾಸ್‌ಲೈಟು ಎಂದು ಕರೆದರೂ ಅದರೊಳಗೆ ಉರಿಯುತ್ತಿದ್ದುದು ಸೀಮೆಎಣ್ಣೆ. ಪಂಪು ಹೊಡೆದು, ಬೂದಿಯಷ್ಟು ನಾಜೂಕಾದ ಮ್ಯಾಂಟಲ್ ಉದುರದಂತೆ ನೋಡಿಕೊಂಡು, ಒಬ್ಬರು ತಲೆಯ ಮೇಲೆ ಸಿಂಬಿಯಿಟ್ಟು ಹೊತ್ತು ನಡೆಯಬೇಕು. ಹಿಂದೆ ಹಾರ್ಮೋನಿಯಂ, ತಬಲ, ತಾಳ, ಕಂಬಳಿ ಹೊದ್ದ ಹಿರಿಯರು, ನಿದ್ದೆಗಣ್ಣಿನ ಮಕ್ಕಳು. ಕೆರೆ ಏರಿಯ ಮೇಲೆ ಆ ಬೆಳಕು ಬರುವುದು ದೂರದ ಹಳ್ಳಿಗೆ ಕಾಣುತ್ತಿತ್ತು. ತಂಡ ಮುಟ್ಟುವ ಹೊತ್ತಿಗೆ ಬಾಗಿಲು ತೆರೆದಿರುತ್ತಿತ್ತು, ಒಲೆಯ ಮೇಲೆ ಕಾಫಿಯ ನೀರು ಕುದಿಯುತ್ತಿತ್ತು. ಕರ್ಜಿಕಾಯಿ, ಚಕ್ಕುಲಿ, ಕಜ್ಜಾಯದ ತಟ್ಟೆ ಹೊರಬರುತ್ತಿತ್ತು. ಈಗ ತಂಡಗಳು ವ್ಯಾನಿನಲ್ಲಿ ಹೋಗುತ್ತವೆ, ಮೈಕು, ಗಿಟಾರು ಬಂದಿವೆ. ಹಾಡು ಚೆನ್ನಾಗಿಯೇ ಇರುತ್ತದೆ. ಆದರೆ ದೂರದಿಂದ ಬರುವ ಬೆಳಕನ್ನು ಅಷ್ಟು ಹೊತ್ತು ನೋಡುತ್ತ ನಿಲ್ಲುವ ಭಾಗ್ಯ ಹೋಯಿತು, ಅದು ನಿಜವಾದ ನಷ್ಟ.

ದೀಪದ ಬಗ್ಗೆ ಯೇಸು ಹೇಳಿದ ಮಾತೊಂದು ಈ ಸೀಮೆಯನ್ನು ನೋಡಿಯೇ ಹೇಳಿದಂತಿದೆ. ಬೆಟ್ಟದ ಮೇಲಿನ ಊರು ಅಡಗಿರಲಾರದು, ದೀಪ ಹಚ್ಚಿ ಯಾರೂ ಅದರ ಮೇಲೆ ಕೊಳಗ ಕವುಚುವುದಿಲ್ಲ ಎಂಬುದು ಅದರ ಭಾವ. ಮಧುಗಿರಿಯ ಒಂಟಿಬಂಡೆಯ ಬೆಟ್ಟ, ಅದರ ಮೇಲೇರಿದ ಕೋಟೆ, ಮಿಡಿಗೇಶಿ, ಚನ್ನರಾಯನದುರ್ಗ, ಪಾವಗಡ, ನಿಡುಗಲ್ಲು, ಹೀಗೆ ಎಲ್ಲಿ ನಿಂತು ನೋಡಿದರೂ ಒಂದು ದುರ್ಗ ಕಾಣುತ್ತದೆ. ಬೆಟ್ಟದ ತುದಿಯಲ್ಲಿ ಯಾರಾದರೂ ದೀಪ ಹಚ್ಚಿದರೆ ಸುತ್ತಣ ಹಳ್ಳಿಗಳಿಗೆಲ್ಲ ಗೊತ್ತಾಗುತ್ತದೆ. ಕೊಳಗವೂ ಇಲ್ಲಿಯದೇ, ರಾಗಿ ಅಳೆಯುವ ಪಾತ್ರೆ. ಕಣದಲ್ಲಿ ರಾಶಿ ಅಳೆಯುವ ರಾತ್ರಿ ಲಾಟೀನು ಮೇಲೆ ತೂಗುತ್ತದೆ, ಕೊಳಗ ಕೆಳಗೆ ಕೆಲಸ ಮಾಡುತ್ತದೆ. ಯೇಸು ಆ ಮಾತಿನಲ್ಲಿ ಬೆಳಕೆಂದದ್ದು ತನ್ನನ್ನಲ್ಲ, ಕೇಳುತ್ತ ಕೂತಿದ್ದ ಬಡಜನರನ್ನು. ಇದನ್ನು ಕ್ರಿಸ್‌ಮಸ್ ಪ್ರಸಂಗಗಳಲ್ಲಿ ಇನ್ನೂ ಹೆಚ್ಚು ಹೇಳಬೇಕು. ಗೋದಲಿಯಲ್ಲಿ ಮಲಗಿದ ಮಗು ಬೆಳಕು ಎಂದಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಮಾತು ಉಳಿದುಹೋಗುತ್ತದೆ.

ಮೇಣದಬತ್ತಿ ಪಶ್ಚಿಮದಿಂದ ಬಂದದ್ದು. ಹಣತೆ, ದೀಪದ ಕಂಬ ಇಲ್ಲಿಯವು. ಇವೆರಡೂ ಒಂದೇ ಪೀಠದ ಬಳಿ ಸೇರಲು ಬಹಳ ಕಾಲ ಬೇಕಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿದು, ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂತು. 1967ರಲ್ಲಿ ಬೆಂಗಳೂರಿನಲ್ಲಿ ಕಥೋಲಿಕರ ರಾಷ್ಟ್ರೀಯ ಕೇಂದ್ರವೊಂದು ಫಾದರ್ ಡಿ.ಎಸ್. ಅಮಲೋರ್‌ಪವದಾಸರ ಮುಂದಾಳುತನದಲ್ಲಿ ಶುರುವಾಯಿತು. 1969ರಲ್ಲಿ ಭಾರತದ ಪೂಜಾವಿಧಿಗೆಂದು ರೋಮಿನಿಂದ ಒಪ್ಪಿಗೆ ಬಂದ ಹನ್ನೆರಡು ಅಂಶಗಳಲ್ಲಿ ಮೇಣದಬತ್ತಿಯ ಬದಲು ಎಣ್ಣೆದೀಪ ಬಳಸಬಹುದೆಂಬುದೂ ಒಂದು, ಆರತಿಯೂ ಅದರಲ್ಲಿತ್ತು. ಆಗ ಅದಕ್ಕೆ ವಿರೋಧವೂ ಬಂತು, ಇದು ನಮ್ಮದಲ್ಲ ಎಂದವರೂ ಇದ್ದರು. ಅಮಲೋರ್‌ಪವದಾಸರು ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನವನ್ನು ಕಟ್ಟಿದರು, ಮೈಸೂರಿನಲ್ಲಿ ಆಶ್ರಮ ಮಾಡಿಕೊಂಡರು, 1990ರಲ್ಲಿ ತೀರಿಕೊಂಡರು. ತುದಿಯಲ್ಲಿ ಶಿಲುಬೆಯಿರುವ ಹಿತ್ತಾಳೆಯ ಕಾಲುದೀಪ ಈಗ ಕರ್ನಾಟಕದ ಚರ್ಚುಗಳಲ್ಲಿ ಸಾಮಾನ್ಯ ನೋಟ. ಆ ದೀಪಕ್ಕೆ ಎಣ್ಣೆ ಹಾಕುವ ಅಜ್ಜಿಯ ಕೈಗೆ ಈ ಚರ್ಚೆಯೆಲ್ಲ ಬೇಕಿರಲಿಲ್ಲ. ಸಂಜೆ ದೀಪ ಹಚ್ಚದೆ ಮನೆಯಲ್ಲಿ ಕೂರಬಾರದೆಂದು ಆಕೆಗೆ ಹುಟ್ಟಿದಾಗಿನಿಂದ ಗೊತ್ತು.

ಬೆಳಕಿನ ಮಾತೆತ್ತಿದ ಮೇಲೆ ಕನ್ನಡದ ಇನ್ನೊಂದು ದಾರಿಗೆ ಹೋಗದೆ ಇರಲಾಗದು. 1833ರ ಜೂನಿನಲ್ಲಿ ಜಾನ್ ಹೆನ್ರಿ ನ್ಯೂಮನ್ ಎಂಬ ಮೂವತ್ತೆರಡರ ಇಂಗ್ಲಿಷ್ ಪಾದ್ರಿ ಸಿಸಿಲಿಯಲ್ಲಿ ಜ್ವರ ಬಿದ್ದು, ಸಾಯುವಷ್ಟಾಗಿ ಎದ್ದು, ಕಿತ್ತಳೆ ಹಣ್ಣು ಸಾಗಿಸುವ ದೋಣಿಯೊಂದರಲ್ಲಿ ಊರಿಗೆ ಹೊರಟಿದ್ದ. ಕಾರ್ಸಿಕಾ, ಸಾರ್ಡೀನಿಯ ದ್ವೀಪಗಳ ನಡುವಿನ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ದೋಣಿ ನಿಂತಿತು. ಅಲ್ಲಿ ಆತ ಬರೆದ ಪ್ರಾರ್ಥನೆಯನ್ನು ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ‘ಕರುಣಾಳು ಬಾ ಬೆಳಕೆ’ ಎಂದು ಕನ್ನಡಕ್ಕೆ ತಂದರು. ಬಿ.ಎಂ.ಶ್ರೀ. ಹುಟ್ಟಿದ್ದು 1884ರಲ್ಲಿ, ಇದೇ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಗಾಂಧೀಜಿಗೆ ಪ್ರಿಯವಾಗಿದ್ದ ಆ ಗೀತೆ ಕನ್ನಡದ ಶಾಲೆಗಳ ಬೆಳಗಿನ ಪ್ರಾರ್ಥನೆಯಾಯಿತು. ಅದು ಕ್ರಿಸ್‌ಮಸ್ಸಿನ ಹಾಡಲ್ಲ, ಅದರಲ್ಲಿ ಕ್ರಿಸ್ತನ ಹೆಸರೂ ಇಲ್ಲ. ಆದರೂ ಕ್ರೈಸ್ತರು ಬೆಳಕೆಂದರೆ ಏನೆಂದುಕೊಳ್ಳುತ್ತಾರೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಕನ್ನಡಿಗರಿಗೆ ತಲುಪಿಸಿದ್ದು ಬೇರೊಂದಿಲ್ಲ. ಆ ಪ್ರಾರ್ಥನೆ ದೂರದ ದಾರಿಯೆಲ್ಲ ಕಾಣಲೆಂದು ಕೇಳುವುದಿಲ್ಲ; ಇಡಬೇಕಾದ ಮುಂದಿನ ಹೆಜ್ಜೆ ಕಂಡರೆ ಸಾಕು ಎನ್ನುತ್ತದೆ. ಲಾಟೀನು ಹಿಡಿದು ಬದುವಿನ ಮೇಲೆ ನಡೆದ ಬಯಲುಸೀಮೆಯವರಿಗೆ ಇದು ದಿನನಿತ್ಯದ ಅನುಭವ. ನ್ಯೂಮನ್ 1845ರಲ್ಲಿ ಕಥೋಲಿಕನಾದ, 1879ರಲ್ಲಿ ಕಾರ್ಡಿನಲ್ ಆದ. 2019ರಲ್ಲಿ ಅವನನ್ನು ಸಂತನೆಂದು ಸಾರಿದರು. ಮಧುಗಿರಿಯ ಶಾಲೆಯ ಅಂಗಳದಲ್ಲಿ ಕೈಮುಗಿದು ನಿಂತು ಅದನ್ನು ಹಾಡಿದ ಮಕ್ಕಳಿಗೆ ಆ ದೋಣಿಯ ಸುದ್ದಿ ಗೊತ್ತಿರಬೇಕಾಗಿರಲಿಲ್ಲ. ಹಾಡು ತನ್ನಷ್ಟಕ್ಕೆ ಒಳಗೆ ಇಳಿದಿತ್ತು.

ಇದೇ ನಾಲ್ಕು ತಾಲ್ಲೂಕುಗಳಲ್ಲಿ ಈಗ ಬೆಳಕಿನ ದೊಡ್ಡ ಕೃಷಿಯೂ ನಡೆಯುತ್ತಿದೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಕಡೆಯ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಅದರ ಮೊದಲ ಹಂತ 2018ರ ಮಾರ್ಚಿನಲ್ಲಿ ಶುರುವಾಯಿತು. ಬಿತ್ತಿದ್ದು ಕೈಗೆ ಬಾರದ ಜಮೀನುಗಳನ್ನು ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಜಮೀನಿದ್ದವರಿಗೆ ಒಂದು ನೆಮ್ಮದಿ ಸಿಕ್ಕಿತು. ಕೂಲಿಯವರಿಗೂ ಕುರಿ ಮೇಯಿಸುವವರಿಗೂ ನೆಲ ಕಿರಿದಾಯಿತು. ಶತಮಾನಗಳಿಂದ ಸುಟ್ಟ ಬಿಸಿಲೇ ಊರೂರಿಗೆ ವಿದ್ಯುತ್ತಾಗಿ ಹೋಗುತ್ತಿದೆ, ಇದು ಸಣ್ಣ ಸಂಗತಿಯಲ್ಲ. ಸಂಜೆ ಆರರ ಹೊತ್ತಿಗೆ ಆ ಫಲಕಗಳ ಕೆಲಸ ಮುಗಿಯುತ್ತದೆ. ಹಬ್ಬದ ಬೆಳಕಿನ ಕೆಲಸ ಶುರುವಾಗುವುದು ಆಮೇಲೆ.

24ರ ರಾತ್ರಿ ಕಥೋಲಿಕರ ದೇವಾಲಯಗಳಲ್ಲಿ ಜಾಗರಣೆಯ ಬಲಿಪೂಜೆ; ಸಿ.ಎಸ್.ಐ. ಸಭೆಗಳಲ್ಲಿ ಹಬ್ಬಕ್ಕೆ ಮುಂಚಿನ ಯಾವುದಾದರೊಂದು ಸಂಜೆ ಕ್ಯಾಂಡಲ್ ಲೈಟ್ ಸರ್ವಿಸ್, 25ರ ಬೆಳಗ್ಗೆ ಆರಾಧನೆ. ಕಥೋಲಿಕರ ಮನೆಗಳಲ್ಲಿ ಗೋದಲಿ ಕಟ್ಟುತ್ತಾರೆ. ಕೆಲವರು ಎರಡು ವಾರ ಮೊದಲೇ ತಟ್ಟೆಯಲ್ಲಿ ರಾಗಿ ಚೆಲ್ಲಿ, ಮೊಳೆತ ಹಸಿರು ಪೈರನ್ನು ಗೋದಲಿಯ ಮುಂದೆ ಹುಲ್ಲುಗಾವಲಾಗಿ ಇಡುತ್ತಾರೆ. ಬೆತ್ಲೆಹೇಮಿನ ಕುರಿಗಳು ರಾಗಿ ಪೈರಿನಲ್ಲಿ ನಿಲ್ಲುತ್ತವೆ. ಕ್ಯಾಂಡಲ್ ಸರ್ವಿಸಿನಲ್ಲಿ ಎಲ್ಲ ದೀಪ ಆರಿಸಿ, ಪೀಠದ ಬಳಿಯ ಒಂದು ಬತ್ತಿಯಿಂದ ಸಭಾಪಾಲಕರು ಮುಂದಿನ ಸಾಲಿನ ಒಬ್ಬರದನ್ನು ಹೊತ್ತಿಸುತ್ತಾರೆ. ಅವರು ಪಕ್ಕದವರದನ್ನು, ಪಕ್ಕದವರು ಹಿಂದಿನವರದನ್ನು. ಮೇಣ ಕೈಮೇಲೆ ಬೀಳದಂತೆ ರಟ್ಟಿನ ಬಿಲ್ಲೆ ಸಿಕ್ಕಿಸಿರುತ್ತಾರೆ. ಗಾಳಿಗೆ ಆರಿದವರು ಮತ್ತೆ ಪಕ್ಕಕ್ಕೆ ಬಾಗುತ್ತಾರೆ, ಕೊಡುವವರು ಬತ್ತಿಯನ್ನು ನೆಟ್ಟಗೆ ಹಿಡಿದು ನಿಲ್ಲುತ್ತಾರೆ. ಜಾತಿ ಕೇಳಿ ಪಂಕ್ತಿ ಹಾಕಿದ ನಾಡಿನಲ್ಲಿ, ಚರ್ಚಿನೊಳಗೂ ಆ ರೋಗ ಪೂರಾ ಹೋಗದ ನಾಡಿನಲ್ಲಿ, ಬೆಂಕಿಯನ್ನು ಯಾರ ಕೈಯಿಂದಲಾದರೂ ಪಡೆಯಲೇಬೇಕಾದ ಈ ವಿಧಿಗೆ ಇರುವ ಬೆಲೆ ದೊಡ್ಡದು. ಇಡೀ ಹಬ್ಬದಲ್ಲಿ ಬೆಳಕಿನ ಅರ್ಥ ಇಲ್ಲಿ ಎಲ್ಲಕ್ಕಿಂತ ಸ್ಪಷ್ಟ.

ಮಾರನೆಯ ದಿನ ಊಟ, ಕೇಕು, ನೆರೆಮನೆಗಳಿಗೆ ಮುಚ್ಚಿದ ತಟ್ಟೆ. ಜನವರಿ 6 ಮೂವರು ಜ್ಞಾನಿಗಳ ಹಬ್ಬ. ನಕ್ಷತ್ರದ ಕೆಲಸ ಅಲ್ಲಿಗೆ ಮುಗಿದು, ಅದು ಮಡಚಿಕೊಂಡು ಅಟ್ಟಕ್ಕೆ ಹೋಗುತ್ತದೆ. ಊರಿನ ಮಿಕ್ಕವರು ಸಂಕ್ರಾಂತಿಗೆ ಎಳ್ಳು ಬೀರಲು ಅಣಿಯಾಗುತ್ತಾರೆ, ಕ್ರೈಸ್ತರ ಮನೆಗೂ ಎಳ್ಳುಬೆಲ್ಲ ಬರುತ್ತದೆ. ಕ್ರಿಸ್‌ಮಸ್ಸಿನ ನಲವತ್ತನೆಯ ದಿನ ಫೆಬ್ರವರಿ 2. ಮಗುವನ್ನು ಯೆರೂಸಲೇಮಿನ ದೇವಾಲಯಕ್ಕೆ ತಂದಾಗ ಮುದುಕ ಸಿಮೆಯೋನ ಅದನ್ನು ತೋಳಲ್ಲಿ ಎತ್ತಿಕೊಂಡು ಎಲ್ಲ ಜನಾಂಗಗಳಿಗೂ ಬೆಳಕೆಂದು ಕರೆದ ದಿನವದು. ಕಥೋಲಿಕರ ದೇವಾಲಯಗಳಲ್ಲಿ ವರ್ಷದ ಮೇಣದಬತ್ತಿಗಳನ್ನು ಆ ದಿನ ಆಶೀರ್ವದಿಸುತ್ತಾರೆ. ಕೆಲವನ್ನು ಜನ ಮನೆಗೆ ಒಯ್ದು, ಕಾಯಿಲೆಯವರ ಹಾಸಿಗೆಯ ಬಳಿ ಹಚ್ಚಲು ಎತ್ತಿಡುತ್ತಾರೆ. ಹಳೆಯ ಲೆಕ್ಕದಲ್ಲಿ ಕ್ರಿಸ್‌ಮಸ್ ಕಾಲ ಮುಗಿಯುವುದು ಅಂದೇ. ಅದಾದ ಮೇಲಿನ ದೊಡ್ಡ ದೀಪವೆಂದರೆ ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ಹೊಸ ಬೆಂಕಿಯಿಂದ ಹೊತ್ತಿಸುವ ಪಾಸ್ಖದ ಬತ್ತಿ.